ಬಾಯಿಪಾಠಕ್ಕೆ ಅರ್ಥದ ಜೊತೆ

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪೋಷಕರ ಸಭೆ ಸೇರಿದಾಗ ಒಂದು ಪ್ರಶ್ನೆ ಯಾವುದಾದರೊಂದು ರೂಪದಲ್ಲಿ ತಲೆಯೆತ್ತುತ್ತದೆ. ಮನೆಯ ಮಾತಿನಲ್ಲಿಲ್ಲದ, ಅಂಗಡಿಯ ಲೆಕ್ಕಕ್ಕಾಗಲಿ ಕಚೇರಿಯ ಅರ್ಜಿಗಾಗಲಿ ಒದಗದ ಹಳೆಯ ಪದ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುವುದರಿಂದ ಪ್ರಯೋಜನವೇನು? ಕರ್ನಾಟಕದ ಒಳಗಿನ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ತಡವಾದರೂ ದೊಡ್ಡ ನಷ್ಟವಿಲ್ಲ. ಗಡಿಯ ಈಚೆ ಹಾಗಲ್ಲ. ಶಾಲೆಯ ಗೇಟು ದಾಟಿದೊಡನೆ ಬಸ್ಸಿನ ಫಲಕ, ಪಡಿತರ ಅಂಗಡಿಯ ಸೂಚನೆ, ಪಂಚಾಯಿತಿಯ ನೋಟೀಸು ಎಲ್ಲವೂ ಮಲಯಾಳವೋ ತೆಲುಗೋ ಮರಾಠಿಯೋ ತಮಿಳೋ ಆಗಿರುವಲ್ಲಿ, ಕನ್ನಡಕ್ಕೆ ಕೊಡುವ ಒಂದೊಂದು ಗಂಟೆಯನ್ನೂ ತಂದೆತಾಯಂದಿರು ಎಣಿಸಿ ನೋಡುತ್ತಾರೆ. ಎಣಿಸುವುದು ತಪ್ಪೂ ಅಲ್ಲ.

2008ರಲ್ಲಿ ಕೇಂದ್ರ ಸರ್ಕಾರ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿತು. ಆ ಸ್ಥಾನ ದೊರೆತದ್ದು ಈ ಹಳೆಯ ಕಾವ್ಯಗಳ, ಶಾಸನಗಳ, ವ್ಯಾಕರಣಗಳ ಬಲದಿಂದಲೇ. ಆದರೆ ಹೆಮ್ಮೆಯೊಂದೇ ಪಾಠವಾಗಲಾರದು. ಒಂದು ಭಾಷೆ ಶಾಸ್ತ್ರೀಯವೆನಿಸಿದರೂ ಅದನ್ನು ಕಲಿಸುವ ಕ್ರಮ ಸರಿಯಿಲ್ಲದಿದ್ದರೆ ಮಗುವಿನ ಪಾಲಿಗೆ ಉಳಿಯುವುದು ಹೊರೆ ಮಾತ್ರ. ಹಳೆಯ ಪದ್ಯ ಬೇಕೇ ಬೇಡವೇ ಎಂದು ಕೇಳುವ ಮೊದಲು, ಹಳೆಯ ಪದ್ಯವನ್ನು ಹಿಂದೆ ಹೇಗೆ ಕಲಿಸುತ್ತಿದ್ದರು, ಅದರಲ್ಲಿ ಯಾವುದು ಫಲಿಸಿತು, ಯಾವುದು ಸೋತಿತು ಎಂದು ನೋಡುವುದು ಲೇಸು. ಅದಕ್ಕೆ ಒಂದು ಒಳ್ಳೆಯ ದಾಖಲೆ ಉಂಟು. ಅದು ಇಂದಿನ ಗಡಿನಾಡಿನ ನೆಲಕ್ಕೇ ಸೇರಿದ್ದೆಂಬುದು ವಿಶೇಷ.

1822ರ ಜೂನ್ 25ರಂದು ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಒಂದು ಟಿಪ್ಪಣಿ ಬರೆದನು. ಆಧಿಪತ್ಯದ ಪ್ರತಿಯೊಂದು ಜಿಲ್ಲೆಯಲ್ಲಿ ಓದುಬರಹ ಕಲಿಸುವ ಶಾಲೆಗಳು ಎಷ್ಟು, ಅಲ್ಲಿ ಓದುವ ಮಕ್ಕಳು ಎಷ್ಟು, ಯಾವ ಜಾತಿಯವರು, ಯಾವ ಪುಸ್ತಕ ಓದುತ್ತಾರೆ, ಎಷ್ಟು ಸಂಬಳ ಕೊಡುತ್ತಾರೆ ಎಂದು ಕಲೆಕ್ಟರುಗಳು ತಿಳಿಸಬೇಕೆಂಬುದು ಅದರ ಆಶಯ. ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಮನ್ರೋ ತಾನೇ 1807ರ ವರೆಗೆ ಮುಖ್ಯ ಕಲೆಕ್ಟರನಾಗಿದ್ದವನು. ಹಳ್ಳಿಗಳ ಜಗಲಿಯ ಶಾಲೆಗಳನ್ನು ಬಲ್ಲವನು. ಆಗ ಕಾಸರಗೋಡು ಸೇರಿದ್ದ ಕೆನರಾ ಜಿಲ್ಲೆಯ ಕಲೆಕ್ಟರ್ ಮಾತ್ರ ಪಟ್ಟಿ ತುಂಬಿ ಕಳುಹಿಸಲಿಲ್ಲ. ಅಲ್ಲಿ ಮಕ್ಕಳ ಕಲಿಕೆ ಬಹುಮಟ್ಟಿಗೆ ಮನೆಗಳಲ್ಲಿಯೇ ನಡೆಯುವುದರಿಂದ ಶಾಲೆಗಳ ಎಣಿಕೆ ತಪ್ಪು ಕಲ್ಪನೆಯನ್ನೇ ಕೊಡುತ್ತದೆಂದು ಅವನ ಉತ್ತರ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಬೇರೆ ಬಗೆಯವನು. 1816ರಲ್ಲಿಯೇ ತೆಲುಗು ಭಾಷೆಗೆ ವ್ಯಾಕರಣ ಬರೆದ ಅವನು 1823ರ ಆಗಸ್ಟ್ 17ರಂದು ಕಳುಹಿಸಿದ ವರದಿ ಇಡೀ ಸಮೀಕ್ಷೆಯಲ್ಲಿ ಅತ್ಯಂತ ವಿವರವಾದ ವರದಿಗಳಲ್ಲೊಂದು. ಧರ್ಮಪಾಲರು 1983ರಲ್ಲಿ ಹೊರತಂದ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಈ ಕಾಗದಪತ್ರಗಳೆಲ್ಲ ಅಚ್ಚಾಗಿವೆ.

ಅಂದಿನ ಬಳ್ಳಾರಿ ಜಿಲ್ಲೆಯೆಂದರೆ ಇಂದಿನ ಬಳ್ಳಾರಿಯಷ್ಟೇ ಅಲ್ಲ. ಆದವಾನಿ, ಆಲೂರು, ರಾಯದುರ್ಗಗಳೂ, 1882ರಲ್ಲಿ ಪ್ರತ್ಯೇಕವಾದ ಅನಂತಪುರ ಜಿಲ್ಲೆಯ ಸೀಮೆಯೂ ಅದರಲ್ಲಿದ್ದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಹೀಗಾಗಿ ಕ್ಯಾಂಬೆಲ್ ಎಣಿಸಿದ ಶಾಲೆಗಳಲ್ಲಿ ಎಷ್ಟೋ ಇಂದು ಹೊರನಾಡಿನ ಕನ್ನಡ ಶಾಲೆಗಳ ಪೂರ್ವಿಕರು.

ಅವನ ಲೆಕ್ಕ ಹೀಗಿದೆ. ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಭಾಷಾವಾರು ನೋಡಿದರೆ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಇವಲ್ಲದೆ ಬ್ರಾಹ್ಮಣರು ಮಾತ್ರ ಸಂಸ್ಕೃತದಲ್ಲಿ ಶಾಸ್ತ್ರ ಓದುತ್ತಿದ್ದ ಸ್ಥಳಗಳು 23. ಎಲ್ಲಕ್ಕಿಂತ ಹೆಚ್ಚಿನವು ಕನ್ನಡದವು. ಆದರೂ ಕನ್ನಡ ಮತ್ತು ತೆಲುಗು ಶಾಲೆಗಳ ನಡುವೆ ಅಂತರ ಬರಿಯ ಒಂಬತ್ತು. ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬಾಳಿದ ನೆಲವದು.

ಶಾಲೆಯ ದಿನಚರಿಯನ್ನು ಕ್ಯಾಂಬೆಲ್ ಮನಸ್ಸಿಟ್ಟು ಬರೆದಿದ್ದಾನೆ. ಮಗುವಿಗೆ ಐದು ವರ್ಷ ತುಂಬಿದಾಗ ಐಗಳನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆಯುತ್ತಿದ್ದರು. ಗಣಪನ ಮೂರ್ತಿಯ ಸುತ್ತ ಎಲ್ಲರೂ ಕುಳಿತ ಮೇಲೆ ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಯಿಸುವರು. ಮರುದಿನದಿಂದ ಶಾಲೆ. ಬೆಳಗ್ಗೆ ಆರು ಗಂಟೆಗೆ ಬಾಗಿಲು ತೆರೆಯುತ್ತಿತ್ತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು.

ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ವಯಸ್ಸು ನೋಡಿ ಅಲ್ಲ, ಕಲಿಕೆ ನೋಡಿ ಮೇಲೇರಿಸುತ್ತಿದ್ದರು. ಕೆಳಗಿನ ತರಗತಿಗಳ ಪಾಠವನ್ನು ಮೇಲಿನ ಓದಿನ ಹುಡುಗರೇ ಬಹುಮಟ್ಟಿಗೆ ನೋಡಿಕೊಳ್ಳುವರು. ಐಗಳ ಕಣ್ಣು ಎಲ್ಲರ ಮೇಲೂ ಇರುವುದು. ಅಕ್ಷರವನ್ನು ಬಾಯಿಂದ ಹೇಳಿಸಿ ಕಲಿಸುತ್ತಿರಲಿಲ್ಲ, ಮರಳಿನಲ್ಲಿ ಬೆರಳಿಂದ ತಿದ್ದಿಸಿ ಕಲಿಸುತ್ತಿದ್ದರು. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಮೂರಡಿ ಉದ್ದ, ಒಂದಡಿ ಅಗಲದ ಮರ. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಬಿಗಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟುಗಳ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬಳಪದಲ್ಲಿ ಬರೆದು ಒದ್ದೆಬಟ್ಟೆಯಲ್ಲಿ ಅಳಿಸಬಹುದು. ಕಾಗದಕ್ಕೆ ದುಡ್ಡಿಲ್ಲದ ಮನೆಯ ಮಗುವೂ ಬರೆಯಬಲ್ಲ ವ್ಯವಸ್ಥೆ ಇದು.

ಅಕ್ಷರ, ಕಾಗುಣಿತ, ಒತ್ತಕ್ಷರಗಳಾದ ಮೇಲೆ ಬರೆಯುತ್ತಿದ್ದುದು ಮನುಷ್ಯರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು. ಆಮೇಲೆ ಲೆಕ್ಕ. ಭಿನ್ನರಾಶಿಗಳು ಹತ್ತರ ಲೆಕ್ಕದಲ್ಲಿ ಇಳಿಯದೆ ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿದ್ದವು. ಕಾಲು, ಅದರ ಕಾಲು ವೀಸ, ಅದರ ಕಾಲು ಕಾಣಿ ಎಂಬ ಎಣಿಕೆ ಹಳಬರ ಬಾಯಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ಮಗ್ಗಿ, ಅಳತೆ, ತೂಕಗಳ ಕೋಷ್ಟಕಗಳನ್ನು ದಿನಕ್ಕೆರಡು ಬಾರಿ ಮಕ್ಕಳು ಸಾಲಾಗಿ ನಿಂತು, ಹಿರಿಯ ಹುಡುಗ ಹೇಳಿಕೊಟ್ಟಂತೆ ಒಟ್ಟಾಗಿ ಹೇಳುವರು. ಕೊನೆಯ ಹಂತದಲ್ಲಿ ನಾನಾ ಜನರ ಕೈಬರಹದ ಪತ್ರಗಳನ್ನು ಓದುವುದು, ಕಾಗದ ಬರೆಯುವುದು, ಕರಾರುಪತ್ರ ಒಕ್ಕಣಿಸುವುದು, ಮತ್ತು ಕಾವ್ಯ ಓದಿ ಬಾಯಿಪಾಠ ಮಾಡುವುದು.

ಕಾವ್ಯಗಳ ಪಟ್ಟಿ ಗಮನಾರ್ಹವಾದುದು. ರಾಮಾಯಣ, ಮಹಾಭಾರತ, ಭಾಗವತ ಈ ಮೂರನ್ನು ಎಲ್ಲ ಜಾತಿಯ ಮಕ್ಕಳೂ ಓದುತ್ತಿದ್ದರು. ಲಿಂಗವಂತರ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳನ್ನೂ, ಕುಶಲಕರ್ಮಿಗಳ ಮಕ್ಕಳು ತಮ್ಮ ಪಂಥದ ಪುರಾಣಗಳನ್ನೂ ಹೆಚ್ಚಾಗಿ ಓದುವರು. ವಿನೋದಕ್ಕೆ ಪಂಚತಂತ್ರ, ಬೇತಾಳ ಪಂಚವಿಂಶತಿ. ಭಾಷೆಯ ಶಾಸ್ತ್ರಕ್ಕೆ ನಿಘಂಟು, ಅಮರಕೋಶ, ಶಬ್ದಮಣಿದರ್ಪಣ. ಹಂಪೆಯ ಹರಿಹರ ಬರೆದ ಕಾವ್ಯ ಹಂಪೆಯ ಸೀಮೆಯ ಹಳ್ಳಿಯ ಜಗಲಿಯಲ್ಲಿ, ಆರೇಳು ನೂರು ವರ್ಷಗಳಾದ ಮೇಲೂ, ಬಳಪ ಹಿಡಿದ ಹುಡುಗರ ಪಾಠವಾಗಿತ್ತೆಂಬುದನ್ನು ನೆನೆದರೆ ಆಶ್ಚರ್ಯವೆನಿಸುತ್ತದೆ. ಕೇಶಿರಾಜನ ವ್ಯಾಕರಣ ಪಟ್ಟಿಯಲ್ಲಿದ್ದರೂ ಅದು ಕೈಗೆ ಸಿಗುತ್ತಿದ್ದುದು ಅಪರೂಪ. ಹಸ್ತಪ್ರತಿಗಳ ಬೆಲೆ ಹೆಚ್ಚು, ಐಗಳು ಬಡವರು, ನಕಲುಗಾರರ ತಪ್ಪುಗಳು ಹೇರಳ.

ಇಷ್ಟನ್ನು ಮೆಚ್ಚುತ್ತ ಬರೆದ ಕ್ಯಾಂಬೆಲ್ ಒಂದು ಕಡೆ ಕಠಿಣನಾಗುತ್ತಾನೆ. ಕನ್ನಡ, ತೆಲುಗು ಶಾಲೆಗಳ ಪುಸ್ತಕಗಳೆಲ್ಲ ಪದ್ಯದಲ್ಲಿವೆ. ಆ ಪದ್ಯದ ಭಾಷೆ ಆಡುಮಾತಿಗಿಂತಲೂ ವ್ಯವಹಾರದ ಬರಹಕ್ಕಿಂತಲೂ ತೀರ ಬೇರೆ. ಹುಡುಗರು ಅಕ್ಷರಗಳ ಉಚ್ಚಾರಣೆಯನ್ನು ಮಾತ್ರ ಗಮನಿಸುತ್ತಾರೆ, ಅರ್ಥವನ್ನಲ್ಲ. ಅರ್ಥ ಬಲ್ಲ ಐಗಳು ಕಡಮೆ, ಅರ್ಥ ಹೇಳಿಸಿಕೊಂಡ ಹುಡುಗರು ಇನ್ನೂ ಕಡಮೆ. ರಾಶಿರಾಶಿ ಪದ್ಯ ಒಪ್ಪಿಸುವ ಹುಡುಗನಿಗೂ ಗಿಣಿಗೂ ಭೇದವಿಲ್ಲವೆಂಬುದು ಅವನ ಆಕ್ಷೇಪದ ಸಾರ. ಪೋಷಕರ ಸಭೆಯ ಪ್ರಶ್ನೆಗೆ ಇನ್ನೂರು ವರ್ಷಗಳ ವಯಸ್ಸಾಯಿತೆಂದು ಇದರಿಂದ ತಿಳಿಯುತ್ತದೆ.

ಈ ಆಕ್ಷೇಪವನ್ನು ಪರಕೀಯನ ಅಸಡ್ಡೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ದೇಶಭಾಷೆಯ ವ್ಯಾಕರಣ ಬರೆದವನ ಮಾತದು. ಅದನ್ನು ಹಾಗೆಯೇ ಒಪ್ಪಿ ಬಾಯಿಪಾಠವೇ ಬೇಡವೆನ್ನುವುದೂ ದುಡುಕು. ಕ್ಯಾಂಬೆಲ್ ಕಂಡದ್ದು ನಿಜ. ಆದರೆ ಅವನು ಕಂಡದ್ದು ಬೆಳಗಿನ ಶಾಲೆಯನ್ನು. ಹಳ್ಳಿಯ ಮಗುವಿನ ಕಲಿಕೆಯ ಇನ್ನೊಂದು ಅರ್ಧ ನಡೆಯುತ್ತಿದ್ದುದು ಸಂಜೆಯಾದ ಮೇಲೆ, ಶಾಲೆಯ ಹೊರಗೆ.

ಮೊದಲು ಶಾಲೆಯೊಳಗಿನ ಅರ್ಧವನ್ನು ನೋಡಬಹುದು. ಅರ್ಥವಿಲ್ಲದ ಉಚ್ಚಾರಣೆಯಿಂದ ಏನು ಫಲ? ಭಾಮಿನೀ ಷಟ್ಪದಿಯ ಸಣ್ಣ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಈ ಮೂರು ನಾಲ್ಕರ ಜೋಡಿ ಮೂರು ಬಾರಿ ಬಂದು ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಹ್ರಸ್ವವನ್ನು ದೀರ್ಘವಾಗಿ, ದೀರ್ಘವನ್ನು ಹ್ರಸ್ವವಾಗಿ ಓದಿದ ಮಗುವಿನ ನಾಲಿಗೆ ಆ ಸಾಲಿನಲ್ಲಿ ಎಡವುತ್ತದೆ. ಒತ್ತಕ್ಷರವನ್ನು ಸಡಿಲವಾಗಿ ನುಡಿದರೆ ಹಿಂದಿನ ಅಕ್ಷರ ಗುರುವಾಗದೆ ತಾಳ ಕೆಡುತ್ತದೆ. ತಿದ್ದುವುದಕ್ಕೆ ಅಧ್ಯಾಪಕರ ಬೆತ್ತ ಬೇಕಿಲ್ಲ, ಪದ್ಯವೇ ತಿದ್ದುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಮುಂದಿನ ಸಾಲನ್ನು ನೆನಪಿಗೆ ತಂದುಕೊಡುತ್ತದೆ. ಗದ್ಯಪಾಠಕ್ಕೆ ಈ ಗುಣವಿಲ್ಲ.

ಗಡಿನಾಡಿನ ಮಗುವಿಗೆ ಇದು ಸಣ್ಣ ಉಪಕಾರವಲ್ಲ. ಮಳೆ ಮಲೆಗಳ ಭೇದ, ಅಕ್ಕಿ ಹಕ್ಕಿಗಳ ಭೇದ ಕನ್ನಡದ ನಡುವೆ ಬೆಳೆದ ಮಗುವಿಗೆ ಬೀದಿಯಲ್ಲಿಯೇ ಬರಬಹುದು. ಮಹಾಪ್ರಾಣಕ್ಕೆ ಬೇರೆ ಅಕ್ಷರವೇ ಇಲ್ಲದ ತಮಿಳಿನ ನಡುವೆ ತಾಳವಾಡಿಯಲ್ಲೋ ಹೊಸೂರಿನಲ್ಲೋ ಬೆಳೆಯುವ ಮಗು ಅದನ್ನು ಎಲ್ಲಿ ಕಲಿಯಬೇಕು? ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದುವ ಪದ್ಯ ಆ ಕೆಲಸ ಮಾಡುತ್ತದೆ. ಅಕ್ಷರ ಬಲ್ಲ ಮಗು ತಡವರಿಸದೆ ಓದುವ ಮಗುವಾಗುವುದು ಹೀಗೆ. ಹಳೆಯ ಶಾಲೆಯವರು ಪದ್ಯವನ್ನು ಬಾಯಿಪಾಠ ಮಾಡಿಸುತ್ತಿದ್ದುದು ಮುಖ್ಯವಾಗಿ ಸ್ಪಷ್ಟ ಉಚ್ಚಾರಣೆಗೂ ಯಾವ ಬರಹವನ್ನಾದರೂ ಸರಾಗವಾಗಿ ಓದುವ ಶಕ್ತಿಗೂ ಎಂದು ಕ್ಯಾಂಬೆಲನೇ ಹೇಳುತ್ತಾನೆ.

ಇನ್ನು ಸಂಜೆಯ ಅರ್ಧ. ಕನ್ನಡ ಕಾವ್ಯ ಒಬ್ಬನೇ ಕುಳಿತು ಮೌನವಾಗಿ ಓದುವುದಕ್ಕೆ ಹುಟ್ಟಿದ್ದಲ್ಲ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು ಗಮಕದ ಪದ್ಧತಿ. ಮಳೆಗಾಲದ ರಾತ್ರಿಗಳಲ್ಲಿ ಭಾರತ ಓದಿಸುವುದು, ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹೇಳಿಸುವುದು ಈ ನಾಡಿನ ರೂಢಿ. ಬಳ್ಳಾರಿಯ ಸೀಮೆಯಲ್ಲಿ ಬಯಲಾಟ, ಸೊಲ್ಲಾಪುರ ಅಕ್ಕಲಕೋಟೆಗಳ ಕಡೆ ಪುರಾಣ ಪ್ರವಚನ ಮತ್ತು ಭಜನೆ, ತಾಳವಾಡಿಯ ಬೆಟ್ಟಗಳಲ್ಲಿ ಮಾದೇಶ್ವರನ ಕಾವ್ಯ, ಕಾಸರಗೋಡಿನಲ್ಲಿ ಯಕ್ಷಗಾನ ತಾಳಮದ್ದಳೆ. ತಾಳಮದ್ದಳೆಯಲ್ಲಂತೂ ಭಾಗವತರು ಪದ ಹಾಡಿದ ಮೇಲೆ ವೇಷವಿಲ್ಲದೆ ಕುಳಿತವರು ಆ ಪದವನ್ನು ಮಾತಿನಲ್ಲಿ ಬೆಳೆಸುವುದಕ್ಕೆ ‘ಅರ್ಥ ಹೇಳುವುದು’ ಎಂದೇ ಹೆಸರು. ಹಾಗೆ ಹೇಳುವವರು ಅರ್ಥಧಾರಿಗಳು. ಬೆಳಗ್ಗೆ ಶಾಲೆಯಲ್ಲಿ ನಾಲಿಗೆಗೆ ಬಂದ ಮಾತು ಇಂಥ ಕಡೆ ಕಿವಿಗೆ ಬಿದ್ದು, ಕಥೆಯ ನಡುವೆ ತನ್ನ ಅರ್ಥವನ್ನು ತಾನೇ ತೋರಿಸಿಕೊಳ್ಳುವ ಅವಕಾಶವಿತ್ತು. ಶಾಲೆ ಬಿಟ್ಟ ಅರ್ಧವನ್ನು ಊರು ತುಂಬಿಕೊಡುತ್ತಿತ್ತು.

ಆದರೆ ಎಲ್ಲರಿಗೂ ಸಮನಾಗಿ ತುಂಬಿಕೊಡುತ್ತಿರಲಿಲ್ಲ. ಗ್ರಂಥವನ್ನು ಅರ್ಥವಿಟ್ಟು ಓದುವ ಕಟ್ಟುನಿಟ್ಟಾದ ಶಿಸ್ತು ಈ ದೇಶದಲ್ಲಿ ಇರಲಿಲ್ಲವೆಂದಲ್ಲ. ವ್ಯಾಖ್ಯಾನಕ್ಕೆ ಐದು ಲಕ್ಷಣಗಳನ್ನು ಶಾಸ್ತ್ರಕಾರರು ಹೇಳಿದ್ದರು. ಸಂಧಿ ಬಿಡಿಸಿ ಪದಗಳನ್ನು ಬೇರೆ ಮಾಡುವುದು, ಪದಗಳ ಅರ್ಥ ಹೇಳುವುದು, ಸಮಾಸ ಒಡೆಯುವುದು, ಪದಗಳನ್ನು ವಾಕ್ಯದ ಕ್ರಮದಲ್ಲಿ ಕೂಡಿಸುವುದು, ಕೊನೆಗೆ ಏಳುವ ಆಕ್ಷೇಪಗಳಿಗೆ ಸಮಾಧಾನ ಕೊಡುವುದು. ಪ್ರಶ್ನೆ ಕೇಳುವುದನ್ನು ಪಾಠದ ಅಂಗವೆಂದೇ ಎಣಿಸಿದ ಕ್ರಮ ಇದು. ಇಂಥ ಕ್ರಮ ಬೆಳೆದುಬಂದದ್ದು ಶಾಸ್ತ್ರಪಾಠದಲ್ಲಿ. ಕ್ಯಾಂಬೆಲನ ಪಟ್ಟಿಯ ಪ್ರಕಾರ ಶಾಸ್ತ್ರಪಾಠದ 23 ಸ್ಥಳಗಳೂ ಒಂದೇ ಜಾತಿಗೆ ಮೀಸಲು. ಉಳಿದ 510 ಶಾಲೆಗಳಲ್ಲಿ ಹೆಚ್ಚಿನ ಮಕ್ಕಳಿಗೆ ದೊರೆತದ್ದು ಉಚ್ಚಾರಣೆ. ಅರ್ಥದ ಕೀಲಿಕೈ ಒಂದು ಕಡೆ, ಪದ್ಯದ ಪೆಟ್ಟಿಗೆ ಇನ್ನೊಂದು ಕಡೆ.

ಹಳೆಯದನ್ನು ಕೊಂಡಾಡುವವರು ಮರೆಯಬಾರದ ಸಂಖ್ಯೆ ಇನ್ನೊಂದುಂಟು. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಸಾವಿರ ಜನರಲ್ಲಿ ಶಾಲೆಯಲ್ಲಿದ್ದವರು ಸುಮಾರು ಏಳು ಮಂದಿ ಮಾತ್ರ. ದಂಡನೆಯೂ ಕ್ರೂರವಾಗಿತ್ತು. ಸೋಮಾರಿಯೆನಿಸಿದ ಹುಡುಗನ ಎರಡು ಕೈಗಳನ್ನು ಕಟ್ಟಿ ಸೂರಿಗೆ ತೂಗುಹಾಕುವುದು, ಎಡೆಬಿಡದೆ ಬಸ್ಕಿ ಹೊಡೆಸುವುದು ಸಾಮಾನ್ಯವಾಗಿದ್ದವು. ಇವುಗಳಲ್ಲಿ ಯಾವುದೂ ವಿದ್ಯೆಯ ಭಾಗವಲ್ಲ. ವಿದ್ಯೆಯ ಹೆಸರಿನಲ್ಲಿ ನಡೆದ ಅನ್ಯಾಯ. ಇಂದು ಕನ್ನಡ ಶಾಲೆಯ ಬೆಂಚಿನ ಮೇಲೆ ಎಲ್ಲ ಕೇರಿಗಳ ಹುಡುಗಿಯರೂ ಹುಡುಗರೂ ಒಟ್ಟಿಗೆ ಕುಳಿತಿರುವುದು ಆ ಹಳೆಯ ಜಗಲಿಗಿಂತ ಎಷ್ಟೋ ಪಾಲು ದೊಡ್ಡ ಸಂಪತ್ತು. ಅರ್ಥದ ಕೀಲಿಕೈಯನ್ನು ಅವರೆಲ್ಲರ ಕೈಗೆ ಕೊಡುವುದು ಇಂದಿನ ಶಾಲೆಯ ಕೆಲಸ.

ಆ ಕೆಲಸ ನಡೆಯುತ್ತಿದೆಯೇ? ಬಹಳ ಕಡೆ ಬಾಯಿಪಾಠ ಹೋಯಿತೆಂದು ಹೇಳುತ್ತಾರೆ. ವಾಸ್ತವದಲ್ಲಿ ಅದು ಹೋಗಿಲ್ಲ, ಸ್ಥಳ ಬದಲಿಸಿದೆ. ಪದ್ಯವನ್ನು ಒಂದೆರಡು ಸಲ ಓದಿ, ಸಾರಾಂಶವನ್ನು ಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ನಕಲು ಮಾಡಿಕೊಂಡು, ಪರೀಕ್ಷೆಗೆ ಆ ಸಾರಾಂಶವನ್ನೇ ಬಾಯಿಪಾಠ ಮಾಡುತ್ತಾರೆ. ಗೈಡು ಪುಸ್ತಕವಿದ್ದರೆ ಬರೆಸುವ ಶ್ರಮವೂ ಇಲ್ಲ. ಹಳೆಯ ಹುಡುಗನಿಗೆ ಅರ್ಥ ಗೊತ್ತಿರಲಿಲ್ಲ, ಆದರೆ ಕವಿಯ ಮಾತು ಅವನ ನಾಲಿಗೆಯ ಮೇಲಿತ್ತು. ಮುಂದೊಂದು ದಿನ ಅರ್ಥವಾಗುವ ಆಸೆಯಾದರೂ ಇತ್ತು. ಇಂದಿನ ಮಗುವಿನ ನಾಲಿಗೆಯ ಮೇಲಿರುವುದು ಇನ್ನಾರೋ ಬರೆದ ಎಂಟು ವಾಕ್ಯಗಳ ಸಾರಾಂಶ. ಪರೀಕ್ಷೆ ಮುಗಿದ ವಾರದಲ್ಲಿ ಅದೂ ಇಲ್ಲ. ಧ್ವನಿಯೂ ದಕ್ಕಲಿಲ್ಲ, ಅರ್ಥವೂ ದಕ್ಕಲಿಲ್ಲ. ಗಿಣಿಪಾಠ ಹಳೆಯದಕ್ಕಿಂತ ಬಡವಾಯಿತು, ಅಷ್ಟೆ.

ಹೊರನಾಡಿನಲ್ಲಿ ಇನ್ನೂ ಒಂದು ತೊಡಕು. ಅರ್ಥ ತುಂಬಿಕೊಡುತ್ತಿದ್ದ ಊರು ಮೊದಲಿನಂತಿಲ್ಲ. ತಾಳಮದ್ದಳೆಯ ಊರುಗಳಲ್ಲಿ ಇನ್ನೂ ಭಾಗ್ಯವುಂಟು. ಉಳಿದ ಕಡೆ ಪುರಾಣ ಕೇಳುವ ಜಗಲಿಗಳು ತೆಳುವಾಗಿವೆ. ಸಂಜೆಯ ಹೊತ್ತನ್ನು ಬೇರೆ ಭಾಷೆಯ ಟಿವಿ, ಮೊಬೈಲುಗಳು ಹಿಡಿದಿವೆ. ಆದುದರಿಂದ ಬೆಳಗಿನ ಅರ್ಧ, ಸಂಜೆಯ ಅರ್ಧ ಎರಡನ್ನೂ ಶಾಲೆ ಮತ್ತು ಮನೆ ಹಂಚಿಕೊಂಡು ಮಾಡಬೇಕಾಗಿದೆ.

ಆದರೆ ಗಡಿನಾಡಿನ ಮಗುವಿಗೆ ಒಂದು ಅನುಕೂಲವೂ ಉಂಟು. ಅದನ್ನು ಯಾರೂ ಎಣಿಸುವುದಿಲ್ಲ. ಹಳಗನ್ನಡದ ಹುಲಿ ‘ಪುಲಿ’. ಬೆಂಗಳೂರಿನ ಮಗುವಿಗೆ ಅದನ್ನು ವಿವರಿಸಬೇಕು. ರಾಯದುರ್ಗದ ಮಗುವಿಗೆ ಬೇಡ, ತೆಲುಗಿನ ಹುಲಿ ಇಂದಿಗೂ ಪುಲಿ. ಕಾಸರಗೋಡಿನ, ವಯನಾಡಿನ, ನೀಲಗಿರಿಯ ಮಗುವಿಗೂ ಬೇಡ. ಹಾಲು ‘ಪಾಲ್’ ಆಗಿತ್ತೆಂದರೆ, ಹೂ ‘ಪೂ’ ಆಗಿತ್ತೆಂದರೆ ಮಲಯಾಳ ತಮಿಳುಗಳನ್ನು ಕೇಳಿ ಬೆಳೆದ ಕಿವಿ ಕೂಡಲೇ ತಲೆದೂಗುತ್ತದೆ. ಕನ್ನಡದಲ್ಲಿ ಬಳಕೆ ತಪ್ಪಿದ ‘ೞ’ ಅಕ್ಷರದ ಧ್ವನಿಯನ್ನು ಅಧ್ಯಾಪಕರು ಎಷ್ಟು ವರ್ಣಿಸಿದರೂ ಮೈಸೂರಿನಲ್ಲಿ ತೋರಿಸುವುದು ಕಷ್ಟ. ಹಳಗನ್ನಡದ ‘ಮೞೆ’ಯ ಆ ಧ್ವನಿ ನೆರೆಮನೆಯ ಮಲಯಾಳಿ ಅಜ್ಜಿ ಮಳೆಯ ಮಾತೆತ್ತಿದಾಗಲೆಲ್ಲ ಕೇಳಿಸುತ್ತದೆ. ಪಕಾರ ಹಕಾರವಾದ ಒಂದು ನಿಯಮವನ್ನು ಹೇಳಿಕೊಟ್ಟರೆ ಮಕ್ಕಳೇ ಇಪ್ಪತ್ತು ಪದಗಳನ್ನು ಹುಡುಕಿ ತರುತ್ತಾರೆ. ನೆರೆಭಾಷೆ ಕನ್ನಡದ ವೈರಿಯೆಂದು ಬೆಳೆದ ಮಗುವಿಗಿಂತ, ಹಳಗನ್ನಡದ ಬಾಗಿಲು ತೆರೆಯುವುದಕ್ಕೆ ನೆರೆಭಾಷೆ ನೆರವಾಯಿತೆಂದು ಕಂಡ ಮಗು ಎರಡು ಭಾಷೆಗಳನ್ನೂ ಹೆಚ್ಚು ಗೌರವದಿಂದ ಕಲಿಯುತ್ತದೆ.

ಹಳೆಯ ಶಾಲೆಯಿಂದ ತೆಗೆದುಕೊಳ್ಳಬಹುದಾದ ಕ್ರಮಗಳಲ್ಲಿ ಮೊದಲನೆಯದು ಮಕ್ಕಳೇ ಮಕ್ಕಳಿಗೆ ಹೇಳಿಕೊಡುವುದು. ಕಿರಿಯರಿಗೆ ಹೇಳಿಕೊಡುತ್ತ ಹಿರಿಯರ ಓದು ಗಟ್ಟಿಯಾಗುವ ಈ ಪದ್ಧತಿ ಶ್ಲಾಘ್ಯವೆಂದೂ ಇಂಗ್ಲೆಂಡ್ ಅದನ್ನು ಅನುಸರಿಸಿದ್ದು ಸರಿಯೇ ಎಂದೂ ಕ್ಯಾಂಬೆಲ್ ಬರೆದಿದ್ದಾನೆ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾದ ಮೇಲೆ ಊರ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ತಂದನು. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರ ಅಚ್ಚು ಹಾಕಿಸಿದನು. ಅದು ‘ಮದರಾಸು ಪದ್ಧತಿ’ ಎಂದೇ ಪ್ರಸಿದ್ಧವಾಯಿತು. ಒಬ್ಬರೇ ಅಧ್ಯಾಪಕರು ಎರಡು ಮೂರು ತರಗತಿಗಳನ್ನು ನೋಡಬೇಕಾದ ಇಂದಿನ ಸಣ್ಣ ಕನ್ನಡ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಏಳನೆಯ ತರಗತಿಯ ಹುಡುಗಿ ನಾಲ್ಕನೆಯವರ ಮುಂದೆ ಪದ್ಯ ಓದಿ ಅರ್ಥ ಹೇಳಬೇಕಾದರೆ ಗೈಡಿನ ಸಾರಾಂಶ ಸಾಲದು. ಕಿರಿಯರು ಕೇಳುವ ಪ್ರಶ್ನೆಗಳಿಗೆ ಅವಳು ಉತ್ತರ ಹುಡುಕಲೇಬೇಕು.

ಎರಡನೆಯದು, ಒಂದು ಪದ್ಯಕ್ಕೆ ಒಂದು ವಾರ. ಮೊದಲ ದಿನ ಅಧ್ಯಾಪಕರು ರಾಗವಾಗಿ ಓದುವುದು, ಮಕ್ಕಳು ಕೇಳುವುದು, ಪುಸ್ತಕ ಮುಚ್ಚಿರಲಿ. ಎರಡನೆಯ ದಿನ ತಾಳ ಹಾಕುತ್ತ ಒಟ್ಟಾಗಿ ಓದುವುದು. ಮೂರನೆಯ ದಿನ ಸಂಧಿ ಬಿಡಿಸಿ ಪದಗಳನ್ನು ಬೇರೆ ಮಾಡಿ, ಗೊತ್ತಿರುವ ಪದ ಯಾವುದು, ನೆರೆಭಾಷೆಯಲ್ಲಿರುವ ಪದ ಯಾವುದು, ಗೊತ್ತೇ ಇಲ್ಲದ್ದು ಯಾವುದು ಎಂದು ಗುರುತಿಸುವುದು. ನಾಲ್ಕನೆಯ ದಿನ ಪದ್ಯದ ಪದಗಳನ್ನು ಆಡುಮಾತಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದು ಮಗುವೂ ತನ್ನ ಮನೆಮಾತಿನ ಕನ್ನಡದಲ್ಲಿ ಅರ್ಥ ಹೇಳುವುದು. ಹವ್ಯಕ ಕನ್ನಡವಾದರೂ ಸರಿ, ಬಡಗ ಮಾತಾದರೂ ಸರಿ, ಸೊಲ್ಲಾಪುರದ ಮಾತಾದರೂ ಸರಿ. ಐದನೆಯ ದಿನ ಆಕ್ಷೇಪ: ಹಾಗೇಕೆ ಮಾಡಿದ, ಅದು ಸರಿಯೇ, ಬೇರೆ ದಾರಿ ಇತ್ತೇ ಎಂದು ಮಕ್ಕಳು ಕೇಳಬೇಕು, ಮಕ್ಕಳೇ ಉತ್ತರ ಹುಡುಕಬೇಕು. ಇಷ್ಟಾಗುವಷ್ಟರಲ್ಲಿ ಪದ್ಯ ತಾನಾಗಿ ಬಾಯಿಗೆ ಬಂದಿರುತ್ತದೆ. ವರ್ಷಕ್ಕೆ ಹತ್ತು ಹನ್ನೆರಡು ಪದ್ಯಗಳು ಹೀಗೆ ದಕ್ಕಿದರೂ ಹತ್ತನೆಯ ತರಗತಿ ಮುಗಿಯುವಾಗ ಮಗುವಿನ ಬಳಿ ನೂರರ ಹತ್ತಿರ ಪದ್ಯಗಳಿರುತ್ತವೆ, ಅರ್ಥಸಹಿತವಾಗಿ.

ಮೂರನೆಯದು ಮನೆಯ ಕೆಲಸ. ತಾಯಿಗೋ ತಂದೆಗೋ ಕನ್ನಡ ಓದಲು ಬಾರದಿದ್ದರೂ ಚಿಂತೆಯಿಲ್ಲ. ಅವರು ಬೇರೆ ಮಾಧ್ಯಮದಲ್ಲಿ ಓದಿದವರಿರಬಹುದು, ಓದದವರೂ ಇರಬಹುದು. ಕೇಳುವುದಕ್ಕೆ ಅಕ್ಷರ ಬೇಕಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗು ಪದ್ಯ ಒಪ್ಪಿಸಿದಾಗ “ಹಾಗಂದರೇನು?” ಎಂದು ತಾಯಿ ಕೇಳಿದರೆ ಸಾಕು; ಅಂದಿನ ಸಂಜೆಯ ಜಗಲಿ ಮತ್ತೆ ಹುಟ್ಟಿದಂತೆಯೇ. ಅಜ್ಜ ಅಜ್ಜಿಯರಿದ್ದರೆ ಕಥೆಯ ಹಿಂದುಮುಂದುಗಳನ್ನು ಅವರು ತುಂಬುವರು.

ನಾಲ್ಕನೆಯದು ಕೈಬರಹ. ಹಳೆಯ ಶಾಲೆಯವರು ಊರಿನಿಂದ ನಾನಾ ಪತ್ರಗಳನ್ನು ಕಲೆಹಾಕಿ ಮಕ್ಕಳಿಂದ ಓದಿಸುತ್ತಿದ್ದರು. ಕಾಸರಗೋಡು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಲ್ಲಿನ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಕನ್ನಡದ ಹಳೆಯ ದಸ್ತಾವೇಜು, ಕಾಗದ, ಲೆಕ್ಕದ ಪುಸ್ತಕಗಳಿವೆ. ಆದವಾನಿಯಲ್ಲೂ ಅಕ್ಕಲಕೋಟೆಯಲ್ಲೂ ಅಜ್ಜನ ಕಾಲದ ಪತ್ರಗಳು ಸಿಗುತ್ತವೆ. ತಿಂಗಳಿಗೊಮ್ಮೆ ಅಂಥದೊಂದನ್ನು ಶಾಲೆಗೆ ತಂದು ಓದಿದರೆ, ಕನ್ನಡದ ಓದು ಪರೀಕ್ಷೆಗೆ ಮಾತ್ರವಲ್ಲ, ಸ್ವಂತ ಮನೆಯ ಇತಿಹಾಸಕ್ಕೂ ಬೇಕೆಂದು ಮಗುವಿಗೆ ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಕ್ಯಾಂಬೆಲನ ವರದಿಯ ಅತ್ಯಂತ ದುಃಖದ ಮಾತು ಪಾಠಕ್ರಮದ ವಿಷಯವಲ್ಲ. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ. ದೊಡ್ಡ ಶಾಲೆಗಳಿದ್ದಲ್ಲಿ ಈಗ ಸ್ಥಿತಿವಂತರ ಕೆಲವೇ ಮಕ್ಕಳು ಓದುತ್ತಾರೆ. ಜನ ಬಡವಾದದ್ದೇ ಇದಕ್ಕೆ ಕಾರಣವೆಂದು ಅವನು ಒಪ್ಪಿಕೊಂಡಿದ್ದಾನೆ. ಶಾಲೆಗಳು ಯಾರೋ ಆಜ್ಞೆ ಮಾಡಿದ್ದರಿಂದ ಮುಚ್ಚಲಿಲ್ಲ. ಮಕ್ಕಳು ಬರುವುದು ನಿಂತಿತು, ಐಗಳು ಎದ್ದು ಹೋದರು, ಜಗಲಿ ಖಾಲಿಯಾಯಿತು.

ಗಡಿಯಾಚೆಯ ಕನ್ನಡ ಶಾಲೆಗಳಿಗೂ ಇಂದಿನ ಭಯ ಅದೇ. ಕಾರಣ ಮಾತ್ರ ಬೇರೆ. ಗಣಿತ, ವಿಜ್ಞಾನ, ಇಂಗ್ಲಿಷುಗಳನ್ನು ಪಕ್ಕದ ಶಾಲೆಯೂ ಕಲಿಸುತ್ತದೆ. ಕನ್ನಡ ಶಾಲೆ ಮಾತ್ರ ಕೊಡಬಲ್ಲದ್ದು ಸಾವಿರ ವರ್ಷಗಳ ಕನ್ನಡದ ಮಾತನ್ನು, ನಾಲಿಗೆಗೂ ಬುದ್ಧಿಗೂ ಒಟ್ಟಿಗೆ. ಅದನ್ನು ಸಾರಾಂಶವಾಗಿ ಇಳಿಸಿ ಕೊಟ್ಟರೆ ಆ ಶಾಲೆಗೆ ಮಗುವನ್ನು ಕಳುಹಿಸಲು ಪೋಷಕರಿಗೆ ಕಾರಣ ಉಳಿಯುವುದಿಲ್ಲ. ಪೋಷಕರ ಸಭೆಯ ಪ್ರಶ್ನೆ ಆದುದರಿಂದ ಬೇಸರಪಡುವಂಥದ್ದಲ್ಲ, ಉತ್ತರಿಸಬೇಕಾದದ್ದು. ಉತ್ತರ ಮಾತಿನಲ್ಲಿ ಬರಬೇಕಾಗಿಯೂ ಇಲ್ಲ. ಮುಂದಿನ ಸಭೆಯಲ್ಲಿ ಒಂದು ಮಗು ಎದ್ದು ನಿಂತು ಒಂದು ಷಟ್ಪದಿಯನ್ನು ತಾಳ ತಪ್ಪದೆ ಓದಿ, ಅದರ ಅರ್ಥವನ್ನು ಪುಸ್ತಕ ನೋಡದೆ ತನ್ನ ಮಾತಿನಲ್ಲಿ ಹೇಳಲಿ. ಕೇಳಿದವರು ತಾವೇ ತೀರ್ಮಾನಿಸುವರು.